ಪಾಠದ ಹೊತ್ತಲ್ಲಿ ಫೋನ್ ಬೀರುವಿನಲ್ಲಿರಲಿ

"ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕಿ. ಐದನೇ ತರಗತಿಗೆ ಗಣಿತವನ್ನೂ ಕಲಿಸುತ್ತೇನೆ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ, ಕ್ಲಸ್ಟರ್ (ಸುತ್ತಲಿನ ಶಾಲೆಗಳ ಗುಂಪು), ಬಿಸಿಯೂಟ, ತರಬೇತಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಎಂದು ಇಪ್ಪತ್ತಕ್ಕೂ ಹೆಚ್ಚು ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿದ್ದೇನೆ. ಒಮ್ಮೆ 'ತುರ್ತು' ಎಂದಿದ್ದ ಮೆಸೇಜ್ ನೋಡದೆ, ಗ್ರೂಪಿನಲ್ಲಿ ಎಲ್ಲರೆದುರು ಬೈಸಿಕೊಂಡೆ. ಅಂದಿನಿಂದ ಪಾಠದ ನಡುವೆಯೂ ಕೈ ಫೋನಿನತ್ತ ಹೋಗುತ್ತದೆ. ರಾತ್ರಿ ಹನ್ನೊಂದಾದರೂ ಎಂಟ್ರಿ ಕೆಲಸ ಮುಗಿಯುವುದಿಲ್ಲ. ಸ್ವಯಂ ನಿವೃತ್ತಿ ತೆಗೆದುಕೊಳ್ಳಲೇ?"
– ಹೆಸರು ಬೇಡ, ಹಾವೇರಿ ಜಿಲ್ಲೆ

ನಿವೃತ್ತಿಯ ಮಾತು ಈಗ ಬೇಡ ಮೇಡಂ. ಭಯದಲ್ಲಿ ಇರುವಾಗ ಅಷ್ಟು ದೊಡ್ಡ ನಿರ್ಧಾರ ಮಾಡಬಾರದು. ಒಂದು ಸಲ ಎಲ್ಲರೆದುರು ಬೈಸಿಕೊಂಡವರಿಗೆ ಫೋನಿನ ಪ್ರತಿ ಸದ್ದಿಗೂ ಎದೆ ಧಸಕ್ಕೆನ್ನುತ್ತದೆ. ತಪ್ಪಾಗಿದ್ದರೆ ನಿಮಗೊಬ್ಬರಿಗೇ ಕರೆದು ಹೇಳಬೇಕಿತ್ತು. ಗ್ರೂಪಿನಲ್ಲಿ ಬೈದವರು ನಡೆದುಕೊಂಡಿದ್ದು ಸರಿಯಲ್ಲ.

ಆದರೆ ಆ ಭಯಕ್ಕೆ ನೀವು ಎಲ್ಲವನ್ನೂ ಆಗಿಂದಾಗಲೇ ನೋಡುತ್ತಿದ್ದೀರಿ. ನೋಡಿದರೆ ಕೆಲಸ ಆದ ಹಾಗಲ್ಲ, ಅಲ್ವಾ? ಬೆಳಿಗ್ಗೆ ನೋಡಿ ಬಿಟ್ಟ ಸುತ್ತೋಲೆಯನ್ನು ಸಂಜೆ ಮತ್ತೆ ಹುಡುಕಬೇಕು. ಹುಟ್ಟುಹಬ್ಬದ ಕೇಕಿನ ಚಿತ್ರವೂ ನಾಳೆಗೆ ಮುಗಿಯುವ ವಿದ್ಯಾರ್ಥಿವೇತನದ ಸೂಚನೆಯೂ ಒಂದೇ ಸದ್ದು ಮಾಡಿಕೊಂಡು ಬರುತ್ತವೆ. ಮಾಹಿತಿ ಹೆಚ್ಚಾದಷ್ಟೂ ಗಮನಕ್ಕೆ ಬರಗಾಲ ಬರುತ್ತದೆ ಎಂಬರ್ಥದ ಮಾತನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಹರ್ಬರ್ಟ್ ಸೈಮನ್ 1971ರಲ್ಲೇ ಹೇಳಿದ್ದರು. ನಿಮ್ಮ ಗಮನಕ್ಕೆ ಮೊದಲ ಹಕ್ಕು ಐದನೇ ತರಗತಿಯ ಮಕ್ಕಳದು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಅವರಿಗೆ ವರ್ಷಕ್ಕೆ ಕನಿಷ್ಠ 800 ಗಂಟೆ ಪಾಠ ಸಿಗಬೇಕು.

ಆದ್ದರಿಂದ ಪಾಠದ ಹೊತ್ತಲ್ಲಿ ಫೋನನ್ನು ಆಫೀಸಿನ ಬೀರುವಿನಲ್ಲಿಡಿ. ಸುಮ್ನೆ ಇಟ್ಟರೆ ಮತ್ತೆ ತೊಂದರೆ. ಮೊದಲು ಸಿಆರ್‌ಪಿಯವರಿಗೆ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಹೇಳಿ: "ಸರ್, ಪಾಠ ಮಾಡುವಾಗ ನಾನು ಮೆಸೇಜ್ ನೋಡಲ್ಲ. ತೀರಾ ತುರ್ತಿದ್ದರೆ ಫೋನ್ ಮಾಡಿ." ಆ ಹೊತ್ತಲ್ಲಿ ಬಿಡುವಿರುವ ಸಹೋದ್ಯೋಗಿಯ ನಂಬರನ್ನೂ ಕೊಟ್ಟಿಡಿ. ನಿಜವಾದ ತುರ್ತಿಗೆ ಜನ ಫೋನ್ ಮಾಡಿಯೇ ಮಾಡುತ್ತಾರೆ.

ಬಿಇಒ ಕಚೇರಿ ಮತ್ತು ಕ್ಲಸ್ಟರಿನ ಗ್ರೂಪುಗಳನ್ನು ಮೇಲೆ ಪಿನ್ ಮಾಡಿ. ಉಳಿದವನ್ನು ಮ್ಯೂಟ್ ಮಾಡಿ ಆರ್ಕೈವ್‌ಗೆ ಹಾಕಿ. ಯಾರಿಗೂ ಬೇಜಾರಾಗುವುದಿಲ್ಲ, ನೀವು ಗ್ರೂಪ್ ಬಿಟ್ಟಂತೆಯೂ ಆಗುವುದಿಲ್ಲ. ಪ್ರಾರ್ಥನೆಗೆ ಮುಂಚೆ, ಬಿಸಿಯೂಟ ಆದ ಮೇಲೆ, ಶಾಲೆ ಬಿಡುವಾಗ ನೋಡಿದರೆ ಸಾಕು.

ನೋಡುವಾಗ ಪಕ್ಕದಲ್ಲಿ ಒಂದು ನೋಟ್‌ಬುಕ್ ಇರಲಿ. ಇದು ಬಹಳ ಮುಖ್ಯ. ಯಾರು ಕೇಳಿದ್ದಾರೆ, ಏನು ಕೇಳಿದ್ದಾರೆ, ಯಾವತ್ತಿನೊಳಗೆ ಬೇಕು ಎಂದು ಬರೆದುಕೊಳ್ಳಿ. ಕೊನೆಯ ದಿನ ಹೇಳಿಲ್ಲದಿದ್ದರೆ ಆಗಲೇ ಕೇಳಿಬಿಡಿ. ಬರಿ "ತುರ್ತು" ಎಂದರೆ ಅದು ದಿನಾಂಕವಲ್ಲ. ಕಳಿಸಿದ ಮೇಲೆ ತಾರೀಕು ಹಾಕಿ ಗೆರೆ ಎಳೆಯಿರಿ. ನಾಳೆ ಯಾರಾದರೂ "ನಿಮ್ಮ ಶಾಲೆಯದು ಬಂದಿಲ್ಲ" ಎಂದರೆ ಹುಡುಕಾಡಬೇಕಿಲ್ಲ.

ಇನ್ನೊಂದು ವಿಷಯ ನೀವೂ ಗಮನಿಸಿರುತ್ತೀರಿ. ಮೇಲಿನವರು ಕೇಳುವುದು ಬಹುಪಾಲು ಅದೇ ಮಾಹಿತಿ. ತರಗತಿವಾರು ಗಂಡು–ಹೆಣ್ಣು ಮಕ್ಕಳ ಸಂಖ್ಯೆ, ಜಾತಿ ವರ್ಗವಾರು ಸಂಖ್ಯೆ, ಶಾಲೆಯನ್ನು ಗುರುತಿಸುವ 11 ಅಂಕಿಯ ಯುಡೈಸ್ ಕೋಡ್, ಕೊಠಡಿ, ಶೌಚಾಲಯ, ಬಿಸಿಯೂಟದ ಫಲಾನುಭವಿಗಳು, ಶಾಲೆಯ ಬ್ಯಾಂಕ್ ಖಾತೆ. ದಾಖಲಾತಿ ಮುಗಿದ ಕೂಡಲೇ ಇಷ್ಟನ್ನೂ ಒಂದೇ ಹಾಳೆಯಲ್ಲಿ ಬರೆದು, ಫೋಟೊ ತೆಗೆದು, ವಾಟ್ಸ್‌ಆ್ಯಪ್‌ನಲ್ಲಿ ನಿಮ್ಮ ನಂಬರಿಗೇ ಕಳಿಸಿಕೊಳ್ಳಿ. ಟಿಸಿ ಕೊಟ್ಟಾಗ, ಹೊಸ ಮಗು ಸೇರಿದಾಗ ತಿದ್ದಿ. ಯಾರೇ ಕೇಳಲಿ, ಹಾಜರಿ ಪುಸ್ತಕ ತೆಗೆದು ಮೊದಲಿನಿಂದ ಎಣಿಸುವ ಕೆಲಸ ತಪ್ಪುತ್ತದೆ.

ರಾತ್ರಿಯ ಎಂಟ್ರಿ ಕೆಲಸವನ್ನು ಒಬ್ಬರೇ ಯಾಕೆ ಹೊರುತ್ತೀರಿ? ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ ವ್ಯವಸ್ಥೆಯಾದ ಎಸ್‌ಎಟಿಎಸ್‌ಗೆ ಹಾಕುವ ಅಂಕಗಳನ್ನು ಆಯಾ ತರಗತಿ ಶಿಕ್ಷಕರೇ ಹಾಳೆಯಲ್ಲಿ ಸಿದ್ಧ ಮಾಡಿ, ತಾಳೆ ನೋಡಿ ಕೊಡಲಿ. ಕೊನೆಯ ದಿನ ಎಲ್ಲ ಶಾಲೆಗಳೂ ಒಟ್ಟಿಗೆ ನುಗ್ಗುತ್ತವೆ, ಸರ್ವರ್ ಒದ್ದಾಡುತ್ತದೆ. ಒಂದೆರಡು ದಿನ ಮುಂಚೆ ಸಂಜೆ ಶಾಲೆಯಲ್ಲೇ ಕೂತು ಮುಗಿಸಿ. ಮನೆಗೆ ಒಯ್ಯಬೇಡಿ.

ಇನ್ನು ಮುಂದಿನ ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ಒಂದು ಮಾತು ಎತ್ತಿ. ಸುತ್ತೋಲೆಗೇ ಒಂದು ಗ್ರೂಪ್ ಇರಲಿ, ಅದರಲ್ಲಿ ಅಡ್ಮಿನ್ ಮಾತ್ರ ಬರೆಯುವ ಹಾಗೆ ಸೆಟ್ಟಿಂಗ್ ಮಾಡಿ ಎಂದು ಕೇಳಿ. ಒಬ್ಬರೇ ಕೇಳಲು ಅಳುಕಿದ್ದರೆ ಪಕ್ಕದೂರಿನ ಶಾಲೆಯ ಹೆಡ್‌ಮಾಸ್ತರರಿಗೆ ಮೊದಲೇ ಫೋನ್ ಮಾಡಿ ಮಾತಾಡಿಕೊಳ್ಳಿ. ಅವರೂ ಇದೇ ಕಷ್ಟದಲ್ಲಿರುತ್ತಾರೆ.