ಅರಳಿ ಸಸಿ ಕೀಳುವ ಕೆಲಸ

ಮಾನ್ಯರೇ,

ಮೈಸೂರು ವಿಶ್ವವಿದ್ಯಾನಿಲಯದ ಹಳೆಯ ಕಟ್ಟಡಗಳನ್ನು ದುರಸ್ತಿ ಮಾಡಿ ಉಳಿಸಬೇಕೆಂದು ನಾವು ಬರೆದದ್ದಕ್ಕೆ ನೀವು ಬೇಸರದಿಂದಲೇ ಪತ್ರ ಹಾಕಿದ್ದೀರಿ. ‘ಮಕ್ಕಳಿಗೆ ಕೊಠಡಿ ಸಾಲದಿರುವಾಗ ಹಳೇ ಬಂಗಲೆಗಳಿಗೆ ಹಣ ಸುರಿಯುವುದೇಕೆ, ಕೆಡವಿ ಹೊಸದು ಕಟ್ಟಬಾರದೆ’ ಎಂಬುದು ನಿಮ್ಮ ಪ್ರಶ್ನೆ. ಕೊಠಡಿ ಬೇಕೆನ್ನುವುದು ನ್ಯಾಯವೇ. ಕೆಡವುವ ಮಾತನ್ನು ಮಾತ್ರ ಒಪ್ಪಲಾರೆ.

1916ರಲ್ಲಿ ವಿಶ್ವವಿದ್ಯಾನಿಲಯ ಶುರುವಾದಾಗ ಅದು ನಡೆದದ್ದೇ ಇದ್ದ ಕಟ್ಟಡಗಳಲ್ಲಿ. ಇಲ್ಲಿ ಮಹಾರಾಜ ಕಾಲೇಜು, ಬೆಂಗಳೂರಿನಲ್ಲಿ ಸೆಂಟ್ರಲ್ ಕಾಲೇಜು. ಕುಕ್ಕರಹಳ್ಳಿ ಕೆರೆಯ ಪಕ್ಕದ ವಿಶಾಲ ಆವರಣಕ್ಕೆ ಕುವೆಂಪು ‘ಮಾನಸಗಂಗೋತ್ರಿ’ ಎಂದು ಹೆಸರಿಟ್ಟದ್ದು ಆಮೇಲೆ. ಅಲ್ಲಿ ನೂರಾರು ಎಕರೆ ಇದೆ. ಹೊಸ ಕೊಠಡಿಗಾಗಿ ಹಳೆಯ ಗೋಡೆ ಉರುಳಿಸುವ ದರ್ದೇನೂ ಇಲ್ಲ.

ಅದೇ ಆವರಣದ ಜಯಲಕ್ಷ್ಮಿ ವಿಲಾಸವನ್ನೇ ನೋಡಿ. ರಾಜಕುಮಾರಿಗಾಗಿ 1905ರಲ್ಲಿ ಕಟ್ಟಿದ ಅರಮನೆ. ಮುಂದೆ ಜಾನಪದ ವಸ್ತುಸಂಗ್ರಹಾಲಯವಾಗಿ ಹಳ್ಳಿಯವರ ತೊಗಲುಗೊಂಬೆಗೂ ಬೇಸಾಯದ ಸಲಕರಣೆಗೂ ಆಸರೆಯಾಯಿತು. ಶಿಥಿಲಗೊಂಡಾಗ ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ದುರಸ್ತಿ ಕಂಡಿತು. ಆದರೆ ಇಂಥ ಮನೆಗೆ ಒಂದು ಸಲದ ದುರಸ್ತಿ ಎಲ್ಲಿ ಸಾಕು?

ವರ್ಷಗಳ ಹಿಂದೆ ಒಂದು ಹಳೇ ಕಾಲೇಜಿನ ತಾರಸಿಗೆ ಹತ್ತಿದ್ದೆ. ಕೈಪಿಡಿ ಗೋಡೆಯ ಬಿರುಕಿನಲ್ಲಿ ಬೆರಳುದ್ದದ ಅರಳಿ ಸಸಿ. ಎಳೆದರೆ ಎಲೆ ಕೈಗೆ ಬಂತು, ಬೇರು ಒಳಗೇ ಉಳಿಯಿತು. ಕೆಳಗೆ, ಸುಣ್ಣದ ಗಾರೆಯ ಗೋಡೆಗೆ ಯಾರೋ ಸಿಮೆಂಟ್ ಮೆತ್ತಿದ್ದರು. ಗಾರೆ ಒಳಗಿನ ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟ್ ಬಿಡುವುದಿಲ್ಲ. ತಟ್ಟಿದರೆ ಟೊಳ್ಳು ಸದ್ದು. ಒಳಗಿನ ಇಟ್ಟಿಗೆ ಬೆರಳಿಗೇ ಪುಡಿಯಾಗುತ್ತಿತ್ತು. ಸುಣ್ಣ ಅರೆದು, ಬೆಲ್ಲ, ಅಳಲೆಕಾಯಿ ನೀರು ಬೆರೆಸಿ ಗಾರೆ ಕಲಸಬಲ್ಲ ಮೇಸ್ತ್ರಿಗಳು ಈಗ ಅಪರೂಪ. ಅವರನ್ನು ಹುಡುಕಿ ಕೆಲಸ ಕೊಡಬೇಕಾದದ್ದು ಈಗಲೇ.

ಹೊಸ ಕಟ್ಟಡಕ್ಕೆ ಶಂಕುಸ್ಥಾಪನೆಯ ಕಲ್ಲಿರುತ್ತದೆ, ಕಲ್ಲಿನ ಮೇಲೆ ಹೆಸರಿರುತ್ತದೆ. ಮಳೆನೀರಿನ ದೋಣಿ ಶುಚಿ ಮಾಡಿದವರ ಹೆಸರನ್ನು ಯಾರೂ ಕೆತ್ತಿಸುವುದಿಲ್ಲ. ಆ ಕೆಲಸಕ್ಕೆ ಹಣ ಹುಟ್ಟದಿರುವುದು ಅದಕ್ಕೇ ಎಂದು ನನಗನ್ನಿಸುತ್ತದೆ. ಬಜೆಟ್ಟಿನಲ್ಲಿ ಹಳೇ ಕಟ್ಟಡಗಳ ನಿರ್ವಹಣೆಗೆಂದೇ ಪ್ರತ್ಯೇಕ ಮೊತ್ತ ಇರಲಿ, ಮುಂಗಾರಿಗೆ ಮುಂಚೆ ಪ್ರತಿ ತಾರಸಿಯನ್ನೂ ಒಬ್ಬ ಎಂಜಿನಿಯರ್ ಹತ್ತಿ ನೋಡಿ ಬರಲಿ. ನಾವು ಕೇಳುತ್ತಿರುವುದು ಇಷ್ಟೇ.

ನಿಮ್ಮೂರಿನ ಹಳೇ ಕಾಲೇಜಿನ ತಾರಸಿಯನ್ನೂ ಅನುಮತಿ ಪಡೆದು ಒಮ್ಮೆ ನೋಡಿ ಬನ್ನಿ. ಸಸಿ ಕಂಡರೆ ಬರೆದು ತಿಳಿಸಿ, ಪ್ರಕಟಿಸುತ್ತೇವೆ.

– ಸಂಪಾದಕ