ತಮ್ಮನ ನೋಟ್‌ಬುಕ್ಕಿಗೆ ಫೀಸು ಯಾಕೆ?

ದಾವಣಗೆರೆ ಕೆಟಿಜೆ ನಗರದಿಂದ ಒಬ್ಬ ಅಕ್ಕ ಬರೆದಿದಾರೆ. ಹೆಸರು ಹಾಕ್ಬೇಡಿ ಅಂದಿದಾರೆ, ಹಾಕಲ್ಲ. ತಮ್ಮನಿಗೆ 29 ವರ್ಷ, ಬೈಪೋಲಾರ್, ಅಂದ್ರೆ ಮನಸ್ಸು ಒಮ್ಮೆ ವಿಪರೀತ ಏರಿ ಒಮ್ಮೆ ವಿಪರೀತ ಕುಸಿಯೋ ಕಾಯಿಲೆ, ಅಂತ ಡಾಕ್ಟ್ರು ಹೇಳಿ ಎರಡು ವರ್ಷ ಆಯ್ತಂತೆ, ಲಿಥಿಯಂ ತಗೊಳ್ತಿದಾನೆ, ಎಂಟು ತಿಂಗಳಿಂದ ಆರಾಮಾಗಿ ಅಂಗಡಿಗೆ ಹೋಗಿ ಬರ್ತಿದಾನೆ. ಈಗ ಡಾಕ್ಟ್ರು ಥೆರಪಿಗೂ ಹೋಗಪ್ಪ ಅಂತ ಸೈಕಾಲಜಿಸ್ಟ್ ಹತ್ರ ಕಳಿಸಿದಾರೆ. "ಅವ್ರು ಔಷಧಿ ಏನೂ ಕೊಡಲ್ಲ ಸಾರ್, ಎಷ್ಟೊತ್ತಿಗೆ ಎದ್ದೆ ಎಷ್ಟೊತ್ತಿಗೆ ಉಂಡೆ ಅಂತ ನೋಟ್‌ಬುಕ್ಕಲ್ಲಿ ಬರೆಸ್ತಾರೆ, ಮುಕ್ಕಾಲು ಗಂಟೆ ಮಾತಾಡಿಸಿ ಕಳಿಸ್ತಾರೆ, ಇದಕ್ಕೆ ವಾರ ವಾರ ಫೀಸು. ಮಾತ್ರೆ ನುಂಗಿದ್ರೆ ಸಾಕು, ಒಂದು ಮದ್ವೆ ಮಾಡಿ ತಾನೇ ಸರಿಹೋಗ್ತಾನೆ ಅಂತಾರೆ ನಮ್ಮ ಮಾವ. ನೀವೇನಂತೀರಿ?"

ತಂಗಿ, ಮೊದ್ಲು ನಿಮ್ಮ ಮಾವನ ಮಾತು ಮುಗಿಸಿಬಿಡ್ತೀನಿ. ಮಾತ್ರೆ ಬಿಡೋ ಹಾಗಿಲ್ಲ ಅನ್ನೋದು ಅವ್ರು ಹೇಳಿದಷ್ಟೂ ಸರಿ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಅನ್ನೋ ಡಾಕ್ಟ್ರು ಈ ಕಾಯಿಲೆಗೆ ಲಿಥಿಯಂ ಕೊಟ್ಟು ನೋಡಿ ಬರೆದ್ರು, ಇವತ್ತಿಗೂ ಅದು ಮೊದಲ ಸಾಲಿನ ಔಷಧಿನೇ, ಆರಾಮಾದೆ ಅಂತ ಒಂದೇ ಸಲ ನಿಲ್ಲಿಸಿದ್ರೆ ಕಾಯಿಲೆ ತಿರುಗಿ ಬರೋ ಸಾಧ್ಯತೆ ಜಾಸ್ತಿ. ಡಾಕ್ಟ್ರು ಹೇಳ್ದಾಗೆಲ್ಲ ರಕ್ತದಲ್ಲಿ ಲಿಥಿಯಂ ಎಷ್ಟಿದೆ ನೋಡಿಸ್ಬೇಕು, ಥೈರಾಯ್ಡು ಕಿಡ್ನಿನೂ ನೋಡಿಸ್ಬೇಕು. ನಮ್ಮೂರಿನ ಏಪ್ರಿಲ್ ಬಿಸಿಲಲ್ಲಿ ಬೆವರು ಸುರಿಸಿ ನೀರು ಕುಡೀದೆ ಇದ್ರೆ, ಏಕಾಏಕಿ ಉಪ್ಪು ಬಿಟ್ರೆ, ಮೈಕೈ ನೋವಿಗೆ ಅಂತ ಮೆಡಿಕಲ್ ಶಾಪಲ್ಲಿ ಕೇಳಿ ಐಬುಪ್ರೊಫೆನ್ ನುಂಗಿದ್ರೆ ಆ ಲೆವೆಲ್ ಏರುತ್ತೆ. ಕೈ ಜೋರಾಗಿ ನಡುಗೋದು, ವಾಂತಿ, ಭೇದಿ, ನಡೆಯುವಾಗ ತೂರಾಡೋದು ಕಂಡ್ರೆ ಅವತ್ತೇ ಆಸ್ಪತ್ರೆಗೆ ಓಡ್ಬೇಕು. ಅಲ್ಲಿಗೆ ಮಾವನ ಪಾಲು ಮುಗೀತು. ಮದ್ವೆ ವಿಷಯಕ್ಕೆ ಆಮೇಲೆ ಬರ್ತೀನಿ, ಬರೋಕೆ ಮನಸ್ಸಿಲ್ದಿದ್ರೂ.

ಈಗ ನೋಟ್‌ಬುಕ್ಕು. ನನಗೊಬ್ಬ ಸ್ನೇಹಿತ ಇದಾನೆ, ಪ್ರೂಫ್ ನೋಡ್ತಿದ್ದ, ಕಾಗುಣಿತದಲ್ಲಿ ನನಗಿಂತ ಗಟ್ಟಿ. ಹದಿನೈದು ವರ್ಷದ ಹಿಂದೆ ಒಂದಿನ ಬೆಳಗಿನ ಜಾವ ಮೂರಕ್ಕೆ ನಮ್ಮನೆ ಬಾಗಿಲು ಬಡಿದ. ಕೈಯಲ್ಲಿ ಹದಿನಾಲ್ಕು ಹಾಳೆ, ಎರಡೂ ಮಗ್ಗುಲು ತುಂಬ ಬರೆದಿದ್ದ, ಕರ್ನಾಟಕದ ಊರೂರಲ್ಲಿ ನಲವತ್ತು ಬೆಣ್ಣೆದೋಸೆ ಹೋಟೆಲ್ ಇಡೋ ಪ್ಲಾನು. ಹೊರಗೆ ಆಟೋದಲ್ಲಿ ಹನ್ನೊಂದು ಕಬ್ಬಿಣದ ಕಾವಲಿ, ಸಾಲದಲ್ಲಿ ತಂದಿದ್ದು. ಅವನ ಕಣ್ಣಲ್ಲಿ ಏನು ಹೊಳಪು ಅಂತೀರಿ, ವಾರದಿಂದ ದಿನಕ್ಕೆ ಎರಡೇ ತಾಸು ಮಲಗ್ತಿದೀನಿ, ದಣಿವೇ ಇಲ್ಲ ನೋಡ್ರಿ ಅಂದ. ನಾನೇನು ಮಾಡ್ದೆ? ಟೀ ಕಾಸಿ ಕೊಟ್ಟು "ಭಲೇ, ಹಿಂಗಿರಬೇಕು ಉತ್ಸಾಹ" ಅಂತ ಬೆನ್ನು ತಟ್ಟಿದೆ, ಕಾವಲಿನೂ ಪ್ರೆಸ್ಸಿನ ವರಾಂಡದಲ್ಲಿ ಇಳಿಸ್ಕೊಂಡೆ. ಹತ್ತು ದಿನಕ್ಕೆ ಅವನನ್ನ ನಾಲ್ಕು ಜನ ಹಿಡ್ಕೊಂಡು ಆಸ್ಪತ್ರೆಗೆ ಸೇರಿಸಿದ್ರು. ಆಮೇಲೆ ನಾಲ್ಕು ತಿಂಗಳು ಗೋಡೆ ಕಡೆ ಮುಖ ಮಾಡ್ಕೊಂಡು ಮಲಗಿದ. ಉತ್ಸಾಹಕ್ಕೂ ಕಾಯಿಲೆಗೂ ವ್ಯತ್ಯಾಸ ಗೊತ್ತಾಗ್ದೆ ಇದ್ದದ್ದು ನನಗೆ, ಮೂವತ್ತು ವರ್ಷ ಪತ್ರಿಕೆ ನಡೆಸಿದ ಮನುಷ್ಯನಿಗೆ.

ಮಾತ್ರೆ ಅವನನ್ನ ಕೆಳಗಿಳಿಸ್ತು, ಒಪ್ತೀನಿ. ಆದ್ರೆ ಮುಂದಿನ ಸಲ ಅದು ಬರೋದು ಅವನಿಗೇ ಮೊದ್ಲು ಗೊತ್ತಾಗೋ ಹಾಗೆ ಮಾಡಿದ್ದು ಥೆರಪಿ. ಅವನೂ ಹೆಂಡ್ತಿನೂ ಒಟ್ಟಿಗೆ ಕೂತು ಒಂದು ಪಟ್ಟಿ ಬರೆದ್ರು. ಹೊಸ ಪೆನ್ನು ಡಜನ್‌ಗಟ್ಟಲೆ ತಗೊಳೋದು, ಗೊತ್ತಿಲ್ದೋರ ಜತೆಗೂ ಹತ್ತು ನಿಮಿಷ ನಿಂತು ಮಾತಾಡೋದು, ರಾತ್ರಿ ಹೊತ್ತು ಬೀರು ಜೋಡಿಸೋದು, ಎರಡು ರಾತ್ರಿ ನಿದ್ದೆ ಕಮ್ಮಿ ಆಗೋದು. ಇವು ಬಂದ್ರೆ ಎಟಿಎಂ ಕಾರ್ಡು ಹೆಂಡ್ತಿ ಕೈಗೆ, ಮಾರನೇ ದಿನಾನೇ ಡಾಕ್ಟ್ರ ಹತ್ರ. ಚೆನ್ನಾಗಿದ್ದಾಗ ಅವನೇ ಒಪ್ಪಿ ಸೈನ್ ಹಾಕಿದ ಕಾಗದ ಅದು. ಅದರಲ್ಲಿ ನಂದೂ ಒಂದು ಸಾಲಿದೆ: "ಸಂಪಾದಕರಿಗೆ ಒಂದೇ ದಿನ ಮೂರು ಸಲ ಫೋನ್ ಮಾಡಿದ್ರೆ." ಮೂರನೇ ಫೋನ್ ಬಂದ್ರೆ ನಾನು ಹೂಂಗುಟ್ಟಬಾರದು, ನಿನ್ನೆ ಎಷ್ಟೊತ್ತಿಗೆ ಮಲಗಿದ್ಯಪ್ಪ ಅಂತ ಕೇಳ್ಬೇಕು. ಎರಡು ಸಲ ಕೇಳಿದೀನಿ.

ನಿಮ್ಮ ತಮ್ಮನ ಕೈಲಿ ಬರೆಸ್ತಿರೋದೂ ಇಂಥದ್ದೇ ಲೆಕ್ಕ ಇರ್ಬೇಕು. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಎಲೆನ್ ಫ್ರಾಂಕ್ ಅನ್ನೋರು ದಿನಚರಿಯನ್ನೇ ಹಿಡ್ಕೊಂಡು ಒಂದು ಥೆರಪಿ ಕಟ್ಟಿದ್ರು. ಹಾಸಿಗೆ ಬಿಟ್ಟಿದ್ದು, ಮೊದಲು ಇನ್ನೊಬ್ಬರ ಮುಖ ನೋಡಿ ಮಾತಾಡಿದ್ದು, ಕೆಲಸ ಶುರು ಮಾಡಿದ್ದು, ರಾತ್ರಿ ಉಂಡಿದ್ದು, ಮಲಗಿದ್ದು, ಈ ಐದು ಹೊತ್ತು ದಿನಾ ಬರೀಬೇಕು, ಆದಷ್ಟೂ ಒಂದೇ ಟೈಮಿಗೆ ತರ್ಬೇಕು. ಬೈಪೋಲಾರ್ ಇದ್ದೋರ ಮೈಯೊಳಗಿನ ಗಡಿಯಾರ ಸೂಕ್ಷ್ಮ, ಒಂದು ರಾತ್ರಿ ನಿದ್ದೆಗೆಟ್ಟಿದ್ದೇ ಕೆಲವರಿಗೆ ಏರೋಕೆ ಮೆಟ್ಟಿಲಾಗುತ್ತೆ.

ಈಗ ಚೆನ್ನಾಗಿದಾನಲ್ಲ ಅಂತೀರಿ. ಚೆನ್ನಾಗಿರೋದ್ರಿಂದಲೇ ಕಳಿಸ್ಬೇಕು ತಂಗಿ, ಏರಿರೋನಿಗೆ ಯಾರ ಮಾತು ಕೇಳಿಸುತ್ತೆ? 2003ರಲ್ಲಿ ಬಾರ್ಸಿಲೋನಾದ ಕೊಲೊಮ್, ವಿಯೆಟಾ ಅನ್ನೋರು ಆರು ತಿಂಗಳಿಂದ ಆರಾಮಾಗಿದ್ದ 120 ಜನರನ್ನ ತಗೊಂಡು ಒಂದು ಅಧ್ಯಯನ ಪ್ರಕಟಿಸಿದ್ರು, ಎಲ್ಲರಿಗೂ ಔಷಧಿ ನಡೀತಿತ್ತು. ಅರ್ಧ ಜನಕ್ಕೆ 21 ವಾರ ಗುಂಪಲ್ಲಿ ಕೂರಿಸಿ ಕಾಯಿಲೆ ಬಗ್ಗೆ ಪಾಠ, ಉಳಿದರ್ಧ ಸುಮ್ನೆ ಗುಂಪಲ್ಲಿ ಕೂತಿದ್ರು. ಎರಡು ವರ್ಷದಲ್ಲಿ ಸುಮ್ನೆ ಕೂತ 60 ಜನರಲ್ಲಿ 55 ಜನಕ್ಕೆ ಮತ್ತೆ ಬಂತು, ಪಾಠ ಕಲಿತ 60ರಲ್ಲಿ 40 ಜನಕ್ಕೆ. ನಲವತ್ತು ಅಂದ್ರೂ ಕಮ್ಮಿ ಏನಲ್ಲ, ಮ್ಯಾಜಿಕ್ ಅಂತ ನಾನು ಹೇಳ್ತಿಲ್ಲ. ಆದ್ರೆ ಆ ಹದಿನೈದು ಮನೆಯವರನ್ನ ಕೇಳ್ರಿ ಫೀಸು ಜಾಸ್ತಿ ಆಯ್ತಾ ಅಂತ. ಫೀಸು ನಿಜಕ್ಕೂ ಕಷ್ಟ ಅಂದ್ರೆ ಸೈಕಾಲಜಿಸ್ಟ್‌ಗೇ ನೇರ ಹೇಳಿ, ಹದಿನೈದು ದಿನಕ್ಕೊಮ್ಮೆ ಮಾಡೋಕೆ ಆಗುತ್ತಾ ಕೇಳಿ. ಇಲ್ಲಾಂದ್ರೆ ಜಿಲ್ಲಾಸ್ಪತ್ರೆ ಮಾನಸಿಕ ವಿಭಾಗದಲ್ಲಿ ವಿಚಾರಿಸಿ. 14416ಕ್ಕೆ ಫೋನ್ ಮಾಡಿದ್ರೆ ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡು ತಗೊಳಲ್ಲ.

ನನ್ನ ಸಿಟ್ಟು ನಿಮ್ಮ ಮೇಲಲ್ಲ, ನಮ್ಮೂರ ಮೇಲೆ. ಜಿಲ್ಲಾ ಮಟ್ಟದಲ್ಲಿ ಮಾನಸಿಕ ಚಿಕಿತ್ಸೆ ಕೊಡಬಹುದು ಅಂತ ದೇಶಕ್ಕೆ ತೋರಿಸಿದ್ದೇ ಪಕ್ಕದ ಬಳ್ಳಾರಿ, 1985ರಿಂದ 1990ರವರೆಗೆ ನಿಮ್ಹಾನ್ಸ್‌ನವರು ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟ್ರಿಗೆ ಕಲಿಸಿ ಮಾಡಿದ್ರು, ಅದೇ ಮಾದರಿ ಆಮೇಲೆ ದೇಶಕ್ಕೆಲ್ಲ ಹೋಯ್ತು. ಹಿಂಗೆ ಮಾತ್ರೆ ತಾಲ್ಲೂಕಿಗೆ ಬಂತು, ಕೂತು ಮಾತಾಡೋರು ಮಾತ್ರ ಇನ್ನೂ ಬಸ್ ಹತ್ತಿಲ್ಲ. ಚಳ್ಳಕೆರೆ ಕಡೆ ಹಳ್ಳಿಯೋನು ಒಂದು ದಿನದ ಕೂಲಿ ಬಿಟ್ಟು ಚಿತ್ರದುರ್ಗಕ್ಕೋ ದಾವಣಗೆರೆಗೋ ಬರ್ಬೇಕು, ಕ್ಯೂ ನಿಂತು ಐದು ನಿಮಿಷದಲ್ಲಿ ಚೀಟಿ ಬರೆಸ್ಕೊಂಡು ಹೋಗ್ಬೇಕು.

ಇನ್ನು ನಿದ್ದೆ! ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮೈಕ್ ಹಾಕ್ಬಾರದು ಅಂತ 2000ದಿಂದ ನಿಯಮ ಇದೆ, ನಮ್ಮ ಬೀದಿ ಆರ್ಕೆಸ್ಟ್ರಾದವರಿಗೆ ಅದು ತಲುಪಿಲ್ಲ. ಹಾಸ್ಟೆಲಲ್ಲಿ ಪಿಯು ಹುಡುಗ್ರನ್ನ ಎರಡು ಗಂಟೆವರೆಗೆ ಓದಿಸಿ ಐದಕ್ಕೆ ಎಬ್ಬಿಸ್ತಾರೆ, ಅಪ್ಪ ಅಮ್ಮ ಹೆಮ್ಮೆಯಿಂದ ಹೇಳ್ಕೊಂಡು ತಿರುಗ್ತಾರೆ. ಈ ಕಾಯಿಲೆ ಹೆಚ್ಚಾಗಿ ತಲೆ ಎತ್ತೋದೇ ಹದಿಹರೆಯದ ಕೊನೆ, ಇಪ್ಪತ್ತರ ಆಸುಪಾಸಲ್ಲಿ. ಪತ್ರಿಕೆಯವರೇನು ಕಮ್ಮಿನಾ? ಕೊರವಂಜಿ ಹಾಸ್ಯಪತ್ರಿಕೆ ನಡೆಸಿ ನಾಡನ್ನೇ ನಗಿಸಿದ ರಾಶಿಯವರು, ಅದೇ ಡಾ. ಎಂ. ಶಿವರಾಂ, ಮನಸ್ಸಿನ ಬಗ್ಗೆ ಕನ್ನಡದಲ್ಲಿ ಬರೆದ ಪುಸ್ತಕಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಗೊಂಡ್ರು. ಈಗ ನಾವು ವಾರಭವಿಷ್ಯಕ್ಕೆ ಎರಡು ಪುಟ ಕೊಡ್ತೀವಿ. ನನ್ನ ಪತ್ರಿಕೆನೂ ಸೇರಿ, ಬೈಯ್ಯೋರು ಬೈಬಹುದು.

ಮದ್ವೆ. ಅದು ಔಷಧಿ ಅಲ್ಲ, ಕಾಯಿಲೆ ಮುಚ್ಚಿಟ್ಟು ಯಾರ ಮನೆ ಹುಡುಗಿಗೂ ಮೋಸ ಮಾಡ್ಬೇಡಿ. ತಮ್ಮನೇ ಬೇಕು ಅಂದ್ರೆ, ನೋಟ್‌ಬುಕ್ಕಿನ ಸಮೇತ ಹೇಳಿ ಮಾಡಿ. ಅಂಥ ಸಂಸಾರ ಚೆನ್ನಾಗೇ ನಡೀತಿರೋದು ನಾನು ನೋಡಿದೀನಿ, ಕಾವಲಿಯವನದ್ದೇ ಇದೆಯಲ್ಲ.

ಅಂದಹಾಗೆ ಇದನ್ನ ಅವನ ಒಪ್ಪಿಗೆ ಇಲ್ದೆ ಬರೆದಿಲ್ಲ. ಪ್ರೂಫೂ ಅವನಿಗೇ ಕಳಿಸಿದ್ದೆ. ಕಾವಲಿ ಹನ್ನೊಂದಲ್ಲ ಒಂಬತ್ತು ಅಂತ ಮಾರ್ಜಿನ್ನಲ್ಲಿ ಗುರುತು ಹಾಕಿದಾನೆ, ನನಗೆ ಹನ್ನೊಂದೇ ನೆನಪು, ತಿದ್ದಿಲ್ಲ. ಅರ್ಧ ಓದೋ ಹೊತ್ತಿಗೆ ಹತ್ತು ಗಂಟೆ ಆಯ್ತಂತೆ, ಉಳಿದದ್ದು ಬೆಳಗ್ಗೆ ನೋಡ್ತೀನಿ ಅಂತ ಮಲಗಿಬಿಟ್ಟ. ಈ ಸಂಚಿಕೆ ನಿಮ್ಮ ಕೈಗೆ ಒಂದು ದಿನ ತಡವಾಗಿ ಬಂದಿದ್ದು ಅದಕ್ಕೇ.