ವೆಬ್ ಸರ್ವರ್ ಕರ್ನಲ್‌ನ ಒಳಗಿರಬೇಕೇ, ಹೊರಗಿರಬೇಕೇ?

ಪ್ರಶ್ನೆ: ಸರ್, ನಾನು ಕಂಪ್ಯೂಟರ್ ಸೈನ್ಸ್ ಕೊನೆಯ ವರ್ಷದ ವಿದ್ಯಾರ್ಥಿ. ವೆಬ್ ಸರ್ವರನ್ನು ಲಿನಕ್ಸ್ ಕರ್ನಲ್ ಮಾಡ್ಯೂಲ್ ಆಗಿ, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಿನೊಳಗೇ ಓಡುವ ಭಾಗವಾಗಿ ಬರೆಯಬೇಕೆಂದು ನಮ್ಮ ತಂಡದ ಆಸೆ. ವೇಗ ತುಂಬಾ ಹೆಚ್ಚುತ್ತದೆ ಎನ್ನುತ್ತೇವೆ ನಾವು. ಗೈಡ್ ಮೇಡಂ ಒಪ್ಪುತ್ತಿಲ್ಲ. ಯಾರ ಮಾತು ಸರಿ?

ಉತ್ತರ: ವೇಗದ ಬಗ್ಗೆ ನೀವು ಹೇಳುತ್ತಿರುವುದು ಒಂದು ಕಾಲಕ್ಕೆ ನಿಜವೇ ಆಗಿತ್ತು. ಆದರೂ ಜನ ದಿನವೂ ಬಳಸುವ ಸರ್ವರ್ ಎಂದಾದರೆ ನಾನು ಮೇಡಂ ಪರ.

ಸಾಮಾನ್ಯ ಸರ್ವರ್ ಒಂದು ಫೈಲ್ ಕಳಿಸುವಾಗ ಡಿಸ್ಕಿನ ಮಾಹಿತಿ ಮೊದಲು ಕರ್ನಲ್ ಮೆಮೊರಿಗೆ ಬರುತ್ತದೆ, ಅಲ್ಲಿಂದ ಸರ್ವರಿನ ಮೆಮೊರಿಗೆ ಕಾಪಿಯಾಗುತ್ತದೆ, ನೆಟ್‌ವರ್ಕಿಗೆ ಹೋಗಲು ಮತ್ತೆ ಕರ್ನಲ್‌ಗೇ ಮರಳುತ್ತದೆ. ಈ ಸುತ್ತಾಟ ತಪ್ಪಿಸಲೆಂದೇ ಲಿನಕ್ಸ್ 2.4ರ ಕರ್ನಲ್‌ನಲ್ಲಿ ಕೆಎಚ್‌ಟಿಟಿಪಿಡಿ ಎಂಬ ಪುಟ್ಟ ಸರ್ವರ್ ಇತ್ತು. ಸ್ಥಿರ ಫೈಲುಗಳನ್ನು ತಾನೇ ಕೊಟ್ಟು, ಉಳಿದ ಕೋರಿಕೆಗಳನ್ನು ಕರ್ನಲ್‌ನ ಹೊರಗಿರುವ ಅಪಾಚೆಯಂಥ ಸಾಮಾನ್ಯ ಸರ್ವರಿಗೆ ದಾಟಿಸುತ್ತಿತ್ತು. 2000ದಲ್ಲಿ ರೆಡ್ ಹ್ಯಾಟ್‌ನ ಇಂಗೊ ಮೊಲ್ನಾರ್ ಅವರ ಟಕ್ಸ್ ಎಂಬ ಇನ್ನೊಂದು ಕರ್ನಲ್ ಸರ್ವರ್ ಬಂತು. ವೆಬ್ ಸರ್ವರುಗಳ ವೇಗ ಅಳೆಯುವ ಸ್ಪೆಕ್‌ವೆಬ್99 ಪರೀಕ್ಷೆಯಲ್ಲಿ ಅದರ ಅಂಕಿ ನೋಡಿ ಎಲ್ಲರೂ ಬೆರಗಾದರು. ಆದರೂ 2.6ರ ಹೊತ್ತಿಗೆ ಕೆಎಚ್‌ಟಿಟಿಪಿಡಿಯನ್ನು ತೆಗೆದುಹಾಕಲಾಗಿತ್ತು. ಟಕ್ಸ್ ಅಂತೂ ಮುಖ್ಯ ಕರ್ನಲ್‌ಗೆ ಸೇರಲೇ ಇಲ್ಲ. ಸರ್ವರನ್ನು ಒಳಗೆ ಕರೆದುಕೊಳ್ಳುವ ಬದಲು ಅದಕ್ಕೆ ಬೇಕಾದ ಸೌಲಭ್ಯವನ್ನು ಕರ್ನಲ್ ಹೊರಗೇ ಒದಗಿಸಿತು: ಕಾಪಿ ತಪ್ಪಿಸಲು ಸೆಂಡ್‌ಫೈಲ್, ಸಾವಿರಾರು ಸಂಪರ್ಕ ನೋಡಿಕೊಳ್ಳಲು ಇಪೋಲ್.

ವಿಂಡೋಸ್ ಬೇರೆ ದಾರಿ ಹಿಡಿಯಿತು. 2003ರಲ್ಲಿ ಮೈಕ್ರೋಸಾಫ್ಟ್‌ನ ವೆಬ್ ಸರ್ವರ್ ಐಐಎಸ್ 6ರ ಜೊತೆ ಬಂದ ಎಚ್‌ಟಿಟಿಪಿ.ಸಿಸ್ ಕರ್ನಲ್‌ನಲ್ಲೇ ಕೂತು ಕೋರಿಕೆಗಳನ್ನು ಓದುತ್ತದೆ. ಇದರ ಬೆಲೆ ಏನೆಂದು 2015ರ ಏಪ್ರಿಲ್‌ನಲ್ಲಿ ತಿಳಿಯಿತು. ಫೈಲಿನ ಎಷ್ಟನೇ ಬೈಟಿನಿಂದ ಎಷ್ಟನೆಯದರವರೆಗೆ ಬೇಕು ಎಂದು ಕೇಳುವ ರೇಂಜ್ ಹೆಡರ್ ನಿಮಗೆ ಗೊತ್ತಲ್ಲ? ಅದರಲ್ಲಿ ಕೊನೆಯ ಬೈಟ್ ಎಂದು 18446744073709551615 ಬರೆದು ಕಳಿಸಿದರೆ ಸಾಕಿತ್ತು. 64 ಬಿಟ್‌ನಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ ಅದು. ಒಂದು ಕೂಡಿದರೆ ಸೊನ್ನೆಯಾಗುತ್ತದೆ. ಲೆಕ್ಕ ತಪ್ಪಿದ್ದು ಕರ್ನಲ್‌ನೊಳಗೆ, ಹಾಗಾಗಿ ಇಡೀ ಯಂತ್ರವೇ ನೀಲಿ ಪರದೆಗೆ ಬೀಳಬಹುದಿತ್ತು. ಇಂಥದೇ ತಪ್ಪು ಕರ್ನಲ್‌ನ ಹೊರಗೆ ಓಡುವ ಎಂಜಿನ್‌ಎಕ್ಸ್ ಎಂಬ ಸರ್ವರಿನಲ್ಲಿ ಆಗಿದ್ದರೆ ಕೋರಿಕೆ ನೋಡಿಕೊಳ್ಳುವ ಒಂದು ವರ್ಕರ್ ಪ್ರಕ್ರಿಯೆ ಮಾತ್ರ ಸಾಯುತ್ತಿತ್ತು, ಮೇಲ್ವಿಚಾರಣೆಯ ಮಾಸ್ಟರ್ ಇನ್ನೊಂದನ್ನು ಎಬ್ಬಿಸುತ್ತಿತ್ತು. ಪ್ಯಾಚ್ ಹಾಕುವವರೆಗೆ ಐಐಎಸ್‌ನ ಕರ್ನಲ್ ಕ್ಯಾಶಿಂಗ್ (ಉತ್ತರಗಳನ್ನು ಕರ್ನಲ್‌ನಲ್ಲೇ ಕೂಡಿಟ್ಟು ಕೊಡುವುದು) ನಿಲ್ಲಿಸಿ ಎಂಬುದು ಮೈಕ್ರೋಸಾಫ್ಟ್ ಕೊಟ್ಟ ತಾತ್ಕಾಲಿಕ ಸಲಹೆ. ವೇಗಕ್ಕೆಂದು ಒಳಗಿಟ್ಟದ್ದನ್ನೇ ನಿಲ್ಲಿಸಬೇಕಾಯಿತು! 2021, 2022ರಲ್ಲೂ ಅದೇ ಎಚ್‌ಟಿಟಿಪಿ.ಸಿಸ್‌ನಲ್ಲಿ ಗಂಭೀರ ದೋಷಗಳು ಸಿಕ್ಕವು.

ನನ್ನ ಆತಂಕ ಇಲ್ಲೇ ಇದೆ. ಗುರುತು ಪರಿಚಯವಿಲ್ಲದವರು ಬರೆದು ಕಳಿಸಿದ್ದನ್ನು ಓದಿ ಅರ್ಥಮಾಡಿಕೊಳ್ಳುವ ಕೋಡ್, ಎಷ್ಟೇ ಜಾಣರು ಬರೆದಿರಲಿ, ಒಂದಲ್ಲ ಒಂದು ದಿನ ಎಡವುತ್ತದೆ. ಅದು ದೇವರ ಮನೆಯಲ್ಲಿ ಎಡವುವುದಕ್ಕಿಂತ ಜಗಲಿಯಲ್ಲಿ ಎಡವಲಿ.

ಹಾಗೆಂದು ಕರ್ನಲ್‌ಗೆ ಏನೂ ಹೋಗಬಾರದು ಎಂದಲ್ಲ. 2017ರಲ್ಲಿ ಲಿನಕ್ಸ್ 4.13ಕ್ಕೆ ಕೆಟಿಎಲ್‌ಎಸ್ ಬಂತು, ಸುರಕ್ಷಿತ ವೆಬ್ ಸಂಪರ್ಕದ ಒಂದಷ್ಟು ಕೆಲಸವನ್ನು ಕರ್ನಲ್‌ಗೆ ತರುವ ವ್ಯವಸ್ಥೆ ಇದು. ಅದರಲ್ಲಿ ಕೀಲಿ ಹೊಂದಿಸಿಕೊಳ್ಳುವ ಗೋಜಲಿನ ಹ್ಯಾಂಡ್‌ಶೇಕ್ ಹೊರಗೇ ಉಳಿಯುತ್ತದೆ. ಮಾಹಿತಿಯನ್ನು ಗೂಢಲಿಪಿಗೆ ತಿರುಗಿಸುವ ಸರಳ, ಭಾರದ ಕೆಲಸ ಮಾತ್ರ ಒಳಗೆ. ನೆಟ್‌ಫ್ಲಿಕ್ಸ್ ತನ್ನ ವಿಡಿಯೊ ಸರ್ವರುಗಳಲ್ಲಿ ಫ್ರೀಬಿಎಸ್‌ಡಿ ಮೇಲೆ ಎಂಜಿನ್‌ಎಕ್ಸ್ ಇಟ್ಟು ಹೀಗೇ ಮಾಡುತ್ತದೆ.

ನಿಮ್ಮ ಪ್ರಾಜೆಕ್ಟ್ ಮಾತ್ರ ಬಿಡಬೇಡಿ. ವರ್ಚುವಲ್ ಮಷೀನ್‌ನಲ್ಲಿ ಬರೆಯಿರಿ. ಸೆಂಡ್‌ಫೈಲ್ ಆನ್ ಮಾಡಿದ ಎಂಜಿನ್‌ಎಕ್ಸ್ ಜೊತೆ ಹೋಲಿಸಿ, 1 ಕೆಬಿ ಮತ್ತು 1 ಎಂಬಿ ಫೈಲುಗಳಿಗೆ ಬೇರೆ ಬೇರೆಯಾಗಿ ಅಳೆಯಿರಿ. ಆಮೇಲೆ ನಿಮ್ಮ ಮಾಡ್ಯೂಲ್‌ನಲ್ಲೂ, ಅದೇ ಕೆಲಸ ಮಾಡುವ ಒಂದು ಸಾಮಾನ್ಯ ಸಿ ಪ್ರೋಗ್ರಾಮ್‌ನಲ್ಲೂ ಬೇಕೆಂದೇ ಒಂದು ನಲ್ ಪಾಯಿಂಟರ್ ತಪ್ಪು (ಇಲ್ಲದ ಮೆಮೊರಿ ವಿಳಾಸ ಮುಟ್ಟುವುದು) ಇಟ್ಟು ಏನಾಗುತ್ತದೆ ಎಂದು ಬರೆದಿಡಿ. ಎರಡೂ ಫಲಿತಾಂಶ ಇರುವ ರಿಪೋರ್ಟನ್ನು ಮೇಡಂಗೆ ತೋರಿಸಿ.